ಗ್ಯಾರೇಜ್ ಇತಿಹಾಸ, ಭಾಗ 6: ಇಂಜೆಕ್ಟರ್ ಕೆಟ್ಟಿರ್ಲಿಲ್ಲ, ತಂತಿ ಕೆಟ್ಟಿತ್ತು

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಕಾರು ನಿಂತಲ್ಲೇ ಗಡಗಡ ನಡುಗೋಕೆ ಶುರುವಾಯ್ತು. ನಾಲ್ಕು ಸಿಲಿಂಡರಲ್ಲಿ ಮೂರೇ ಕೆಲಸ ಮಾಡ್ತಿದ್ವು. ಸ್ಕ್ಯಾನರ್ ಹಾಕಿದ್ರೆ ಪಿ0203 ಅಂತ ಕೋಡ್ ಬಂತು. ಮೂರನೇ ಸಿಲಿಂಡರಿನ ಇಂಜೆಕ್ಟರ್ ಸರ್ಕ್ಯೂಟಲ್ಲಿ ತೊಂದರೆ ಅಂತ ಅದರ ಅರ್ಥ. ಗ್ಯಾರೇಜಲ್ಲಿ "ನಾಲ್ಕೂ ಇಂಜೆಕ್ಟರ್ ಬದಲಾಯಿಸ್ಬೇಕು" ಅಂದ್ಬಿಟ್ರು. ಚಿಕ್ಕಪ್ಪ ಅದೇ ಕಾರಲ್ಲಿ ಬಾಡಿಗೆ ಹೊಡೆದು ಮನೆ ನಡೆಸೋರು. ರೇಟ್ ಕೇಳಿ ಸುಮ್ಮನೆ ಕೂತ್ಬಿಟ್ರು.

ಆ ಕಾರು ಏನಾಯ್ತು ಅಂತ ಕೊನೇಲಿ ಹೇಳ್ತೀನಿ. ಅದಕ್ಕೂ ಮೊದಲು ಅಮೆರಿಕಕ್ಕೆ ಹೋಗೋಣ, 1957ಕ್ಕೆ.

ಆಗ ಹೆಚ್ಚಿನ ಕಾರುಗಳಲ್ಲಿ ಕಾರ್ಬುರೇಟರ್. ಇಂಜೆಕ್ಷನ್ ಇತ್ತು, ಆದ್ರೆ ಮೆಕ್ಯಾನಿಕಲ್. 1954ರ ಮರ್ಸಿಡಿಸ್ 300 ಎಸ್‌ಎಲ್ ಅದಕ್ಕೇ ಹೆಸರುವಾಸಿ. ಬೆಂಡಿಕ್ಸ್ ಕಂಪನಿ ಹೊಸ ದಾರಿ ಹಿಡೀತು: ಪೆಟ್ರೋಲ್ ಬಿಡೋ ವಾಲ್ವನ್ನ ವಿದ್ಯುತ್ತಿಂದ ತೆರೆಯೋದು, ಎಷ್ಟು ಹೊತ್ತು ತೆರೆದಿರ್ಬೇಕು ಅಂತ ಒಂದು ಎಲೆಕ್ಟ್ರಾನಿಕ್ ಡಬ್ಬಿ ಲೆಕ್ಕ ಹಾಕೋದು. ಹೆಸರು ಎಲೆಕ್ಟ್ರೊಜೆಕ್ಟರ್. 1958ರಲ್ಲಿ ಕ್ರೈಸ್ಲರ್ ತನ್ನ ಕೆಲವು ಮಾಡೆಲ್‌ಗಳಲ್ಲಿ ಇದನ್ನ ಮಾರಾಟಕ್ಕಿಟ್ಟಿತು.

ಎಷ್ಟು ಕಾರಿಗೆ ಕೂರಿಸಿದ್ರು ಗೊತ್ತಾ? ಸುಮಾರು 35. ಅಷ್ಟೇ. ಬಾನೆಟ್ ಒಳಗಿನ ಬಿಸಿ, ತೇವ, ಅಲುಗಾಟ ತಡ್ಕೊಳ್ಳೋ ಶಕ್ತಿ ಆ ಕಾಲದ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಇರ್ಲಿಲ್ಲ. ಹೆಚ್ಚಿನ ಕಾರುಗಳಿಗೆ ವಾಪಸ್ ಕಾರ್ಬುರೇಟರೇ ಹಾಕಿದ್ರು. ಐಡಿಯಾ ಸರಿಯಾಗೇ ಇತ್ತು. ಕೈಕೊಟ್ಟಿದ್ದು ಎಲೆಕ್ಟ್ರಾನಿಕ್ಸ್.

ಬೆಂಡಿಕ್ಸ್‌ನ ಪೇಟೆಂಟ್ ಹಕ್ಕುಗಳು ಜರ್ಮನಿಯ ಬಾಷ್ ಕೈಗೆ ಬಂದ್ವು. 1967ರಲ್ಲಿ ಬಾಷ್‌ನ ಡಿ-ಜೆಟ್ರಾನಿಕ್ ಅಮೆರಿಕಕ್ಕೆ ಹೋಗೋ ಫೋಕ್ಸ್‌ವ್ಯಾಗನ್ 1600 ಕಾರಲ್ಲಿ ಬಂತು. ಅಷ್ಟರಲ್ಲಿ ಟ್ರಾನ್ಸಿಸ್ಟರ್‌ಗಳು ಸುಧಾರಿಸಿದ್ವು, ಕ್ಯಾಲಿಫೋರ್ನಿಯಾದಲ್ಲಿ ಹೊಗೆ ನಿಯಮಗಳೂ ಬಿಗಿಯಾಗಿದ್ವು. ಈ ಸಲ ಗೆಲುವು. 1979ರಲ್ಲಿ ಬಾಷ್ ಮೋಟ್ರಾನಿಕ್ ಇಂಜೆಕ್ಷನ್ನನ್ನೂ ಇಗ್ನಿಷನ್ನನ್ನೂ ಒಂದೇ ಡಬ್ಬಿಗೆ ತಂತು. 1996ರಿಂದ ಅಮೆರಿಕದಲ್ಲಿ ಮಾರೋ ಎಲ್ಲ ಹೊಸ ಕಾರುಗಳಿಗೂ ಓಬಿಡಿ-2 ಕಡ್ಡಾಯ ಆಯ್ತು. ಪಿ0203 ಅನ್ನೋದು ಯಾವ ಕಂಪನಿ ಕಾರಲ್ಲೂ ಒಂದೇ ಅರ್ಥ ಕೊಡೋದು ಅದರಿಂದಲೇ.

ನಮ್ಮಲ್ಲಿ? 1999ರಲ್ಲಿ ದೆಹಲಿ ಸುತ್ತಮುತ್ತ ಯೂರೋ ನಿಯಮ ಬೇಗ ತರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದಾದ್ಮೇಲೆ ಮಾರುತಿ 800ಕ್ಕೂ ಎಂಪಿಎಫ್‌ಐ ಬಂತು. 2020ರ ಬಿಎಸ್-6 ಬಂದ್ಮೇಲೆ ಬಹುತೇಕ ಬೈಕುಗಳಲ್ಲೂ ಇಂಜೆಕ್ಟರ್. ಬೆಂಗಳೂರಿನ ಮೈಕೋ ಲೇಔಟ್ ಗೊತ್ತಲ್ವಾ? ಆ ಮೈಕೋ ಅಂದ್ರೆ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ಮಾಡ್ತಿದ್ದ ಕಂಪನಿ. ಈಗ ಅದರ ಹೆಸರು ಬಾಷ್. ಅದೇ ಬಾಷ್!

ಈಗ ಚಿಕ್ಕಪ್ಪನ ಕಾರು. ಇಂಜೆಕ್ಟರಿಗೆ ಎರಡೇ ತಂತಿ. ಕೀ ಆನ್ ಮಾಡಿದ್ರೆ ಒಂದರಲ್ಲಿ 12 ವೋಲ್ಟ್ ಬರುತ್ತೆ. ಇನ್ನೊಂದನ್ನ ಇಸಿಯು ಕೆಲವೇ ಮಿಲಿಸೆಕೆಂಡ್ ಅರ್ತ್ ಮಾಡುತ್ತೆ. ಆಗ ಸುರುಳಿಯಲ್ಲಿ ಕರೆಂಟ್ ಹರಿದು ವಾಲ್ವ್ ತೆರೆಯುತ್ತೆ. 1957ರ ಐಡಿಯಾನೇ, ಬೇರೇನಿಲ್ಲ.

ನಾವು ಮಾಡಿದ್ದು ಇಷ್ಟು:

1. ಎಂಜಿನ್ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರಲ್ಲಿ ಇಂಜೆಕ್ಟರಿನ ಓಮ್ಸ್ ನೋಡಿದ್ವಿ. ಈ ಥರದ್ದರಲ್ಲಿ ಸಾಮಾನ್ಯವಾಗಿ 12ರಿಂದ 16 ಬರುತ್ತೆ. ನಾಲ್ಕೂ 14ರ ಆಸುಪಾಸು. ಅಂದ್ರೆ ಸುರುಳಿ ಚೆನ್ನಾಗಿದೆ.
2. ಕೀ ಆನ್ ಮಾಡಿ ಕನೆಕ್ಟರಲ್ಲಿ ವೋಲ್ಟೇಜ್ ನೋಡಿದ್ವಿ. 12 ಬಂತು. ಫ್ಯೂಸು, ರಿಲೇ ಸರಿ.
3. ಕನೆಕ್ಟರಿಗೆ ನಾಯ್ಡ್ ಲೈಟ್ ಸಿಕ್ಕಿಸಿ ಸೆಲ್ಫ್ ಹೊಡೆದ್ವಿ. ಬೇರೆ ಮೂರರಲ್ಲಿ ಮಿಣಮಿಣ ಅಂತು. ಮೂರನೇದರಲ್ಲಿ ಕತ್ತಲೆ. ಅಂದ್ರೆ ಅರ್ತ್ ಸಿಗ್ನಲ್ ಬರ್ತಿಲ್ಲ.
4. ಬ್ಯಾಟರಿ ನೆಗೆಟಿವ್ ಬಿಚ್ಚಿ, ಇಸಿಯು ಕಡೆಯಿಂದ ಕನೆಕ್ಟರ್ ತನಕ ಆ ತಂತಿ ಚೆಕ್ ಮಾಡಿದ್ವಿ. ಮೀಟರ್ ಬೀಪ್ ಅನ್ಲಿಲ್ಲ. ತಂತಿ ಎಲ್ಲೋ ತುಂಡಾಗಿದೆ.

ಟೇಪ್ ಬಿಚ್ತಾ ಹೋದ್ರೆ, ಇಲಿ! ತಂತಿ ಕಚ್ಚಿತ್ತು, ಒಳಗಿನ ತಾಮ್ರ ಹಸಿರಾಗಿ ಪುಡಿಯಾಗಿತ್ತು. ಆ ಭಾಗ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡು ಸೋಲ್ಡರ್ ಮಾಡಿ, ಹೀಟ್ ಶ್ರಿಂಕ್ ಸ್ಲೀವ್ ಹಾಕಿದ್ವಿ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದ್ವಿ. ನಾಲ್ಕೂ ಸಿಲಿಂಡರ್ ಎದ್ದವು. ಚಿಕ್ಕಪ್ಪ ಸಂಜೇನೇ ಬಾಡಿಗೆಗೆ ಹೊರಟ್ರು.

ಎಚ್ಚರ: ಇಸಿಯು ತಂತಿಗೆ ದೊಡ್ಡ ಬಲ್ಬು ಹಾಕಿ ಟೆಸ್ಟ್ ಮಾಡ್ಬೇಡಿ, ಇಸಿಯುನೇ ಸುಟ್ಟೀತು. ಪ್ರೆಷರ್ ಇಳಿಸದೆ ಪೆಟ್ರೋಲ್ ಪೈಪ್ ಮುಟ್ಟಲೇಬೇಡಿ.

ಕೋಡ್ ಹೇಳಿದ್ದು "ಸರ್ಕ್ಯೂಟ್" ಅಂತ, "ಇಂಜೆಕ್ಟರ್ ಬದಲಾಯಿಸು" ಅಂತಲ್ಲ. 1958ರಲ್ಲೂ ಕೆಟ್ಟಿದ್ದು ಒಂದು, ಪೂರ್ತಿ ಬಿಚ್ಚಿ ಎಸೆದಿದ್ದು ಇನ್ನೊಂದು. ಅವರಿಗೆ ಆಗ ಬೇರೆ ದಾರಿ ಇರ್ಲಿಲ್ಲ. ನಮಗೆ ಒಂದು ಮಲ್ಟಿಮೀಟರ್ ಇದೆ ಕಣ್ರೋ. ಮೊದಲು ಅಳೀರಿ, ಆಮೇಲೆ ಬದಲಾಯಿಸಿ.

ಭಾಗ 7: ಕಾರ್ಬುರೇಟರ್ ಯಾಕೆ ಅಷ್ಟು ವರ್ಷ ಸೋಲಲಿಲ್ಲ? ಸೇವ್ ಮಾಡ್ಕೊಳ್ಳಿ, ಲ್ಯಾಬ್ ಬ್ಯಾಚಿಗೂ ಕಳಿಸಿ.

#ಗ್ಯಾರೇಜ್‌ಇತಿಹಾಸ #ಕನ್ನಡದಲ್ಲಿಆಟೊಮೊಬೈಲ್