ಕಿರ್ದಿಯ ಎಡಬದಿ: ಬಾರಾಮತಿಯ ಸಾಹುಕಾರಿ ಲೆಕ್ಕದ ವಿಚಾರ

ಬಾರಾಮತಿಯ ನಾಯಿಕ ಮನೆತನದವರು ಪೇಶವೆಯರಿಗೆ ಬೀಗರೂ ಆಗಿದ್ದರು, ಸಾಲ ಕೊಟ್ಟ ಸಾಹುಕಾರರೂ ಆಗಿದ್ದರು. ಒಂದನೆಯ ಬಾಜೀರಾಯನು 1740ರಲ್ಲಿ ತೀರಿಕೊಂಡಾಗ ಪೇಶವೆ ಪದವಿಗೆ ಬಾಬೂಜಿ ನಾಯಿಕನ ಹೆಸರನ್ನು ರಘೂಜಿ ಭೋಸಲೆಯು ಮುಂದಿಟ್ಟನು. ಪದವಿಯು ಬಾಲಾಜಿ ಬಾಜೀರಾಯನಿಗೆ ದೊರೆಯಿತು. ತಂದೆಯ ಋಣಭಾರವೂ ಅದರೊಡನೆಯೇ ಬಂದಿತು. ಮುಂದೆ ಕರ್ನಾಟಕದ ಸ್ವಾರಿಗೆ ಹೊರಟವನೂ ಇದೇ ನಾಯಿಕನು.

ಇಂತಹ ಮನೆತನಗಳ ಕಾಲದ ಮೋಡಿ ಲೆಕ್ಕಗಳನ್ನು ಓದುವವರು ಎಡವುವ ಸ್ಥಳವೊಂದುಂಟು. ಇಂಗ್ಲಿಷ್ ಪದ್ಧತಿಯಲ್ಲಿ ಎಡಬದಿ ಡೆಬಿಟ್, ಬಲಬದಿ ಕ್ರೆಡಿಟ್. ಕಿರ್ದಿಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ನಾಂವೆ, ಎಂದರೆ ನಮ್ಮ ಕಡೆಯ ಖರ್ಚು. ಬಂದ ಹಣವು ಕೊಟ್ಟವನ ಹೆಸರಿಗೆ ಜಮಾ ಆಗುತ್ತದೆ. ಎಡಗಡೆ ಇದೆಯೆಂಬ ಮಾತ್ರಕ್ಕೆ ಅದನ್ನು ಡೆಬಿಟ್ ಎಂದೆಣಿಸಿದರೆ ಧನಿಯೇ ಸಾಲಗಾರನಾಗಿಬಿಡುವನು. ನಾಯಿಕನ ಇತಿಹಾಸವೇ ತಲೆಕೆಳಗಾಗುವುದು.

ನೀರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಬಾರಾಮತಿಯ ಸೀಮೆಯಲ್ಲಿ ಕಬ್ಬು ಬೆಳೆಯಿತು, ಬೆಲ್ಲದ ವ್ಯಾಪಾರ ಬಲಿಯಿತು. ಅಲ್ಲೊಂದು ಹೊಸ ಬೆಲ್ಲದಂಗಡಿಯನ್ನು ಕಲ್ಪಿಸಿಕೊಳ್ಳೋಣ. ಮಾಲಿಕನು ತಂದ ಭಾಂಡವಲು 1,000 ರೂಪಾಯಿ ಅವನ ಖಾತೆಗೆ ಜಮಾ. ರೈತನಿಂದ ಉದ್ರಿಯಾಗಿ ಕೊಂಡ ಬೆಲ್ಲ 600 ರೂಪಾಯಿ: ರೈತನ ಖಾತೆಗೆ ಜಮಾ, ಬೆಲ್ಲದ ಖಾತೆಗೆ ನಾಂವೆ. ರೋಖಿಗೆ ಮಾರಿದ 300 ಬೆಲ್ಲದ ಖಾತೆಗೆ ಜಮಾ. ಬಾಡಿಗೆ 20 ನಾಂವೆ. ಜಮಾ ಒಟ್ಟು 1,900, ನಾಂವೆ 620, ಶಿಲ್ಕು 1,280. ಪೆಟ್ಟಿಗೆಯಲ್ಲಿ ಅಷ್ಟೇ ಹಣವಿರಬೇಕು.

ಉದ್ರಿಯ ವ್ಯವಹಾರವು ಎರಡು ಬಾರಿ ಬರೆಯಲ್ಪಟ್ಟಿತು, ರೋಖಿನದು ಒಂದೇ ಬಾರಿ. ಇದು ಅರೆಕೊರೆಯ ಪದ್ಧತಿಯೆಂದು ಹೇಳುವವರು ಶಿಲ್ಕನ್ನು ಮರೆಯುತ್ತಾರೆ. ರೋಖಿನ ಇನ್ನೊಂದು ಮುಖವು ಶಿಲ್ಕಿನಲ್ಲಿಯೇ ಅಡಗಿದೆ. ಆದುದರಿಂದ ಇದನ್ನು ದ್ವಿನಮೂದು ಪದ್ಧತಿಯೆಂದು ಕರೆಯಲು ನಾನು ಹಿಂಜರಿಯೆನು.

ಪ್ರಾಚೀನತೆಯ ಮಾತು ಬೇರೆ. ವೆನಿಸ್ಸಿನಲ್ಲಿ ಲೂಕಾ ಪಾಚೋಲಿಯ ಗ್ರಂಥವು ಅಚ್ಚಾದುದು 1494ರಲ್ಲಿ. ಬಹಿಖಾತೆಯು ಅದಕ್ಕಿಂತ ಹಿಂದಿನದೆಂದು ಲಾಲ್ ನಿಗಮ್ ಅವರು 1986ರಲ್ಲಿ ವಾದಿಸಿದರು; ಮರುವರ್ಷವೇ ಕ್ರಿಸ್ಟೊಫರ್ ನೋಬ್ಸ್ ಆಕ್ಷೇಪವೆತ್ತಿದರು. ಆಧಾರಪತ್ರಗಳಿಲ್ಲದೆ ಹೆಮ್ಮೆಯೊಂದರಿಂದಲೇ ಈ ವ್ಯಾಜ್ಯ ಗೆಲ್ಲಲಾಗದು. ನಮ್ಮ ನಾಡಿನ ಕಡತವನ್ನೇ ನೋಡಿರಿ: ಇದ್ದಲಿನ ಕಪ್ಪು ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಲೆಕ್ಕ, ತೀರಿದೊಡನೆ ಒರೆಸಿ ಮತ್ತೆ ಬರೆಯಲು ಬರುತ್ತಿತ್ತು.