ಗಮನ ಹೊರಳಿದಾಗ ಬದಲಾಗುವುದು ನೋಟವೋ ತೀರ್ಮಾನವೋ?

ಬೆಂಗಳೂರಿನ ರಿಚರ್ಡ್ಸ್ ಟೌನಿನ ಪಾಟರಿ ರಸ್ತೆಯನ್ನು ದಾಟಲು ನಿಂತವರು ಮೊದಲು ಬಲಕ್ಕೆ ಕಣ್ಣಿಡುತ್ತಾರೆ. ವಾಹನ ಬರಬೇಕಾದ ದಿಕ್ಕು ಅದೇ. ಎಡದಿಂದ ರಾಂಗ್ ಸೈಡಿನಲ್ಲಿ ನುಗ್ಗಿದ ಸ್ಕೂಟರ್ ಗಮನಕ್ಕೆ ಬೀಳದೆ ಹೋದರೆ ಕಾರಣ ಎರಡಿರಬಹುದು: ಎಡಗಡೆಯ ದೃಶ್ಯ ಮಿದುಳಿಗೆ ಮಸುಕಾಗಿ ತಲುಪಿತು, ಇಲ್ಲವೇ ಸ್ಪಷ್ಟವಾಗಿ ತಲುಪಿದರೂ ತೀರ್ಮಾನದ ಹೊತ್ತಿಗೆ ಅದಕ್ಕೆ ತೂಕ ಸಿಗಲಿಲ್ಲ. ಮೊದಲನೆಯದು ಸೂಕ್ಷ್ಮತೆಯ ಪ್ರಶ್ನೆ, ಎರಡನೆಯದು ಒಲವಿನದು.

ಇವೆರಡನ್ನು ಬಿಡಿಸಲು ಲೆಕ್ಕವೇ ಬೇಕು. ಉದಾಹರಣೆಗೆ, ಗಮನವಿಲ್ಲದ ಕಡೆ ಒಬ್ಬರು ನೂರಕ್ಕೆ 50 ಬದಲಾವಣೆಗಳನ್ನು ಗುರುತಿಸುತ್ತಾರೆ, ಏನೂ ಬದಲಾಗದಿದ್ದಾಗಲೂ ನೂರಕ್ಕೆ 16 ಸಲ 'ಬದಲಾಯಿತು' ಎನ್ನುತ್ತಾರೆ ಎಂದುಕೊಳ್ಳೋಣ. ಸಿಗ್ನಲ್ ಡಿಟೆಕ್ಷನ್ ಸಿದ್ಧಾಂತದ ಪ್ರಕಾರ ಅವರ ಸೂಕ್ಷ್ಮತೆ ಸುಮಾರು 1. ಗಮನವಿಟ್ಟ ಕಡೆ ಸರಿಯುತ್ತರ 84ಕ್ಕೆ ಏರಿತು. ತಪ್ಪು ಎಚ್ಚರಿಕೆ 16ರಲ್ಲೇ ನಿಂತಿದ್ದರೆ ಸೂಕ್ಷ್ಮತೆ 2 ಆಯಿತು, ನೋಟವೇ ಹರಿತವಾಯಿತು. ತಪ್ಪು ಎಚ್ಚರಿಕೆಯೂ 50ಕ್ಕೆ ಏರಿದ್ದರೆ ಸೂಕ್ಷ್ಮತೆ ಅದೇ 1. ಬದಲಾದದ್ದು ಒಲವು ಮಾತ್ರ. 84 ಎಂಬ ಸಂಖ್ಯೆಯೊಂದನ್ನೇ ನೋಡಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಎಡ, ಬಲ, ಯಾವುದೂ ಅಲ್ಲ ಎಂಬ ಮೂರು ಉತ್ತರಗಳಿರುವಾಗ ತೊಡಕು ಹೆಚ್ಚು. 'ಬಲ' ಎಂದವರು ಎಡವನ್ನೂ ತೂಗಿ ನೋಡಿಯೇ ಹಾಗೆಂದಿರುತ್ತಾರೆ, ಆದ್ದರಿಂದ ಒಂದೊಂದು ದಿಕ್ಕನ್ನು ಬಿಡಿಬಿಡಿಯಾಗಿ ಅಳೆದರೆ ಲೆಕ್ಕ ತಪ್ಪುತ್ತದೆ. ಇದಕ್ಕೆ ತಕ್ಕ ಬಹು ಆಯಾಮದ ಮಾದರಿಯನ್ನು ದೇವರಾಜನ್ ಶ್ರೀಧರನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಶ್ರೀಧರನ್ ಅವರ ಪ್ರಯೋಗಾಲಯ ಈಗ ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿದೆ.

ಮಾದರಿಯ ನಿಜವಾದ ಬೆಲೆ ತಿಳಿದದ್ದು ನಡುಮಿದುಳಿನ ಸೂಪೀರಿಯರ್ ಕಾಲಿಕ್ಯುಲಸ್ ವಿಷಯದಲ್ಲಿ. ಕಣ್ಣಿನ ಚಲನೆಯನ್ನು ನಡೆಸುವ ಭಾಗವಿದು. ಇದನ್ನು ತಾತ್ಕಾಲಿಕವಾಗಿ ಸ್ತಬ್ಧಗೊಳಿಸಿದಾಗ ಮಂಗಗಳು ಎದುರು ಪಕ್ಕದ ಬದಲಾವಣೆಗಳನ್ನು ಕಡೆಗಣಿಸಿದವು. ಆದರೆ ದೃಷ್ಟಿ ಕಾರ್ಟೆಕ್ಸಿನ ನರಕೋಶಗಳಲ್ಲಿ ಗಮನದ ಗುರುತು ಹಾಗೆಯೇ ಉಳಿದಿತ್ತು ಎಂದು ಝೆನೋನ್ ಮತ್ತು ಕ್ರೌಜ್ಲಿಸ್ 2012ರಲ್ಲಿ ತೋರಿಸಿದರು. ಒಗಟಿನಂತಿದ್ದ ಈ ಬಗೆಯ ಫಲಿತಾಂಶಗಳಿಗೆ ಇದೇ ಮಾದರಿ ಬಳಸಿದ 2017ರ ವಿಶ್ಲೇಷಣೆ ಉತ್ತರ ಕೊಟ್ಟಿತು: ಕುಂದಿದ್ದು ಮುಖ್ಯವಾಗಿ ಒಲವು, ಸೂಕ್ಷ್ಮತೆಯಲ್ಲ. 2019ರಲ್ಲಿ ವರ್ಷಾ ಶ್ರೀನಿವಾಸನ್ ಮತ್ತು ಶ್ರೀಧರನ್ ಮನುಷ್ಯರ ಮಿದುಳಿನ ನರಮಾರ್ಗಗಳನ್ನು ಚಿತ್ರಿಸಿ ನೋಡಿದಾಗಲೂ ಕಾಲಿಕ್ಯುಲಸ್‌ನ ಸಂಪರ್ಕಗಳು ಹೊಂದಿಕೊಂಡದ್ದು ಆಯ್ಕೆಯ ಒಲವಿಗೇ. ಇದು ಸಹಸಂಬಂಧವಷ್ಟೇ, ಕಾರಣದ ಪುರಾವೆಯಲ್ಲ. ಆದರೂ ಮಂಗಗಳ ಪ್ರಯೋಗದೊಡನೆ ಇಟ್ಟು ನೋಡಿದರೆ ವಾದ ಗಟ್ಟಿಯಾಗಿದೆ.

ಹೀಗಾಗಿ 'ಗಮನ ಹೆಚ್ಚಿತು' ಎನ್ನುವ ಯಾವುದೇ ವರದಿಯನ್ನು, ಅದರಲ್ಲಿ ತಪ್ಪು ಎಚ್ಚರಿಕೆಗಳ ಲೆಕ್ಕವಿಲ್ಲದಿದ್ದರೆ, ಒಪ್ಪಬಾರದು.