ರೋಮಿನ ಬಾಗಿಲು ತೆರೆದ ದಿನ ಆ ಮೂವರು ಎಲ್ಲಿದ್ದರು?

ನನ್ನ ತರಗತಿಯಲ್ಲಿ ಕುಳಿತು ಹೋದವರಿಗೆ ಇಟಲಿಯ ಏಕೀಕರಣ ಎಂದೊಡನೆ ಒಂದು ಸೂತ್ರ ನೆನಪಿಗೆ ಬರುತ್ತದೆ. ಮ್ಯಾಜಿನಿ ಅದರ ಆತ್ಮ, ಕೆವೂರ್ ಅದರ ಮೆದುಳು, ಗ್ಯಾರಿಬಾಲ್ಡಿ ಅದರ ಖಡ್ಗ. ಇಷ್ಟನ್ನು ಬರೆದವರಿಗೆ ಪರೀಕ್ಷೆಯಲ್ಲಿ ಅಂಕ ಖಚಿತವಾಗಿತ್ತು. ಪಠ್ಯಪುಸ್ತಕವು ಅಲ್ಲಿಂದ ಮುಂದಕ್ಕೆ ಅವಸರ ಮಾಡುತ್ತಿತ್ತು: 1866ರಲ್ಲಿ ವೆನಿಷಿಯಾ ಸೇರಿತು, 1870ರಲ್ಲಿ ರೋಮ್ ಸೇರಿತು, ಏಕೀಕರಣ ಪೂರ್ಣವಾಯಿತು. ಎರಡು ವಾಕ್ಯ, ಒಂದು ಗಂಟೆಯ ಶಬ್ದ, ಪಾಠ ಮುಗಿಯಿತು. ನಿವೃತ್ತಿಯ ಬಳಿಕ ಬಿಡುವಾಗಿ ಓದುತ್ತ ಕುಳಿತಾಗ ಆ ಎರಡು ವಾಕ್ಯಗಳ ಒಳಗೆ ಅಡಗಿದ ಹತ್ತು ವರ್ಷಗಳೇ ನನಗೆ ಇಡೀ ಕಥೆಯ ಅತ್ಯಂತ ಕುತೂಹಲಕರ ಭಾಗವಾಗಿ ಕಂಡಿವೆ. ಆತ್ಮ, ಮೆದುಳು, ಖಡ್ಗದ ಸೂತ್ರ 1861ರವರೆಗೆ ಚೆನ್ನಾಗಿ ಹೊಂದುತ್ತದೆ. ಅದರ ಮುಂದಿನ ಕಾಲಕ್ಕೆ ಅದು ಹೊಂದುವುದೇ ಇಲ್ಲ. ರೋಮ್ ನಗರದ ಗೋಡೆ ಒಡೆದ ದಿನ ಆ ಮೂವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

1861ರ ಮಾರ್ಚ್ 17ರಂದು ಟ್ಯೂರಿನ್ ನಗರದಲ್ಲಿ ಇಟಲಿ ರಾಜ್ಯದ ಘೋಷಣೆಯಾಯಿತು. ಎರಡನೆಯ ವಿಕ್ಟರ್ ಇಮ್ಯಾನ್ಯುಯಲ್ ಇಟಲಿಯ ದೊರೆಯಾದನು. ಆದರೆ ವೆನಿಸ್ ನಗರವೂ ಅದರ ಸುತ್ತಣ ವೆನಿಷಿಯಾ ಪ್ರಾಂತವೂ ಆಸ್ಟ್ರಿಯಾದ ಕೈಯಲ್ಲಿದ್ದವು. ರೋಮ್ ಪೋಪ್ ಒಂಬತ್ತನೆಯ ಪಯಸ್‌ರ ಆಳ್ವಿಕೆಯಲ್ಲಿತ್ತು. ಅವರ ರಕ್ಷಣೆಗೆಂದು 1849ರಿಂದಲೂ ಫ್ರೆಂಚ್ ಸೈನ್ಯ ಅಲ್ಲಿ ಬೀಡುಬಿಟ್ಟಿತ್ತು. ಆ ಮಾರ್ಚ್ ತಿಂಗಳಲ್ಲೇ ಹೊಸ ಸಂಸತ್ತು ರೋಮ್ ತನ್ನ ರಾಜಧಾನಿಯೆಂದು ನಿರ್ಣಯಿಸಿತು. ಕೈಯಲ್ಲಿ ಇಲ್ಲದ ಊರನ್ನು ರಾಜಧಾನಿಯೆಂದು ಸಾರುವುದು ವಿಚಿತ್ರವೇ ಸರಿ, ಆದರೆ ಇದು ಕೆವೂರನ ಲೆಕ್ಕಾಚಾರ. ಸ್ವತಂತ್ರ ರಾಜ್ಯದಲ್ಲಿ ಸ್ವತಂತ್ರ ಚರ್ಚು ಎಂಬ ತತ್ತ್ವದ ಮೇಲೆ ಪೋಪರನ್ನು ಮಾತುಕತೆಯಿಂದಲೇ ಒಪ್ಪಿಸಬಹುದೆಂದು ಅವನು ನಂಬಿದ್ದನು. ಅದಕ್ಕೆ ಕಾಲಾವಕಾಶ ಸಿಗಲಿಲ್ಲ. ಜೂನ್ 6ರಂದು, ಐವತ್ತು ವರ್ಷ ವಯಸ್ಸಿನಲ್ಲಿ, ಕೆವೂರ್ ತೀರಿಕೊಂಡನು. ಹೊಸ ರಾಜ್ಯಕ್ಕೆ ಆಗ ಮೂರು ತಿಂಗಳೂ ತುಂಬಿರಲಿಲ್ಲ.

ಖಡ್ಗದ ಗತಿ ಏನಾಯಿತು? 1862ರಲ್ಲಿ ಗ್ಯಾರಿಬಾಲ್ಡಿಯು ಸಿಸಿಲಿಯಲ್ಲಿ ಸ್ವಯಂಸೇವಕರನ್ನು ಕೂಡಿಸಿ, ರೋಮ್ ಇಲ್ಲವೇ ಮರಣ ಎಂಬ ಘೋಷಣೆಯೊಡನೆ ಉತ್ತರಕ್ಕೆ ಹೊರಟನು. ಫ್ರಾನ್ಸ್ ಮುನಿಯುವುದೆಂಬ ಭಯದಿಂದ ಇಟಲಿಯ ಸರಕಾರವೇ ಅವನ ಮೇಲೆ ಸೈನ್ಯ ಕಳಿಸಿತು. ಆಗಸ್ಟ್ 29ರಂದು ಆಸ್ಪ್ರೊಮೊಂತೆ ಬೆಟ್ಟದಲ್ಲಿ ಇಟಲಿಯ ಸೈನಿಕರ ಗುಂಡೇ ಅವನ ಪಾದದ ಗಂಟಿಗೆ ಬಡಿಯಿತು. ಎರಡು ವರ್ಷಗಳ ಹಿಂದೆ ದಕ್ಷಿಣ ಇಟಲಿಯನ್ನು ಗೆದ್ದು ದೊರೆಗೆ ಒಪ್ಪಿಸಿದ್ದ ಮನುಷ್ಯನಿಗೆ ಆ ದೊರೆಯ ಸೈನ್ಯ ಕೊಟ್ಟ ಮರ್ಯಾದೆ ಇದು. ಆ ಸರಕಾರದ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆ ಗುಂಡನ್ನು ಕ್ಷಮಿಸಲು ಮನಸ್ಸು ಒಪ್ಪುವುದಿಲ್ಲ.

ಇನ್ನು ಉಳಿದದ್ದು ಒಪ್ಪಂದಗಳ ದಾರಿ. 1864ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್‌ನೊಡನೆ ಒಂದು ಒಡಂಬಡಿಕೆಯಾಯಿತು. ಎರಡು ವರ್ಷಗಳೊಳಗೆ ಫ್ರೆಂಚರು ರೋಮನ್ನು ಬಿಡಬೇಕು. ಇಟಲಿಯು ಪೋಪರ ನೆಲದ ಮೇಲೆ ಕೈಮಾಡಬಾರದು. ಅದರ ಖಾತ್ರಿಗಾಗಿ ರಾಜಧಾನಿಯನ್ನು ಟ್ಯೂರಿನ್ನಿನಿಂದ ಫ್ಲಾರೆನ್ಸಿಗೆ ಸಾಗಿಸಬೇಕು. ರೋಮ್ ಮೇಲಿನ ಆಸೆ ಬಿಟ್ಟಂತೆ ಫ್ರಾನ್ಸಿಗೆ ತೋರಬೇಕು, ಬಿಟ್ಟಿಲ್ಲವೆಂದು ಇಟಲಿಯವರಿಗೆ ತಿಳಿದಿರಬೇಕು. ಟ್ಯೂರಿನ್ನಿನ ಜನ ಬೀದಿಗಿಳಿದರು. ಗೋಲಿಬಾರಿನಲ್ಲಿ ಹತ್ತಾರು ಮಂದಿ ಸತ್ತರು. ಏಕೀಕರಣವನ್ನು ಆರಂಭಿಸಿದ ಊರೇ ಅದಕ್ಕಾಗಿ ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತು.

ಈಗ 1866ಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿರಿ. ಯುದ್ಧವೆಂದರೇನು, ರಾಜತಂತ್ರವೆಂದರೇನು ಎಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಶಾಲೆಯ ಇತಿಹಾಸದಲ್ಲಿ ಬೇರೊಂದಿಲ್ಲ.

ಪ್ರಷ್ಯದ ಬಿಸ್ಮಾರ್ಕನಿಗೆ ಆಸ್ಟ್ರಿಯಾವನ್ನು ಸೋಲಿಸಬೇಕಾಗಿತ್ತು. ಆಸ್ಟ್ರಿಯಾದ ಸೈನ್ಯದ ಒಂದು ಪಾಲು ದಕ್ಷಿಣದಲ್ಲಿ ಸಿಕ್ಕಿಬಿದ್ದಿದ್ದರೆ ಅವನಿಗೆ ಅನುಕೂಲ. ಆದ್ದರಿಂದ ಏಪ್ರಿಲ್ 8ರಂದು ಇಟಲಿಯೊಡನೆ ಮೈತ್ರಿ ಮಾಡಿಕೊಂಡನು: ಮೂರು ತಿಂಗಳೊಳಗೆ ಪ್ರಷ್ಯ ಯುದ್ಧ ಹೂಡಿದರೆ ಇಟಲಿಯೂ ಹೂಡಬೇಕು, ಪ್ರತಿಫಲ ವೆನಿಷಿಯಾ. ಮೇ ತಿಂಗಳಲ್ಲಿ ಆಸ್ಟ್ರಿಯಾ ಒಂದು ಸೂಚನೆ ಕಳಿಸಿತು. ಇಟಲಿ ತಟಸ್ಥವಾಗಿದ್ದರೆ ವೆನಿಷಿಯಾವನ್ನು ಬಿಟ್ಟುಕೊಡಲು ತಾನು ಸಿದ್ಧವೆಂದಿತು. ಒಂದು ಹನಿ ರಕ್ತ ಸುರಿಸದೆ ಕೇಳಿದ್ದು ಸಿಗುವಂತಿತ್ತು. ಪ್ರಧಾನಿ ಲಾ ಮಾರ್ಮೊರಾ ಒಪ್ಪಲಿಲ್ಲ. ಪ್ರಷ್ಯಕ್ಕೆ ಕೊಟ್ಟ ಮಾತು ಮುರಿಯಬಾರದು ಎಂಬುದು ಒಂದು ಕಾರಣ. ಹೊಸ ರಾಷ್ಟ್ರ ತನ್ನ ತೋಳ್ಬಲದಿಂದ ಗೆದ್ದು ಯೂರೋಪಿಗೆ ತೋರಿಸಬೇಕೆಂಬ ಹಂಬಲವೂ ಆಗ ದೇಶದಲ್ಲಿ ಬಲವಾಗಿತ್ತು. ಇದಾದ ಮೇಲೆ ಜೂನ್ 12ರಂದು ಆಸ್ಟ್ರಿಯಾ ಮತ್ತು ಫ್ರಾನ್ಸ್ ಗುಟ್ಟಾಗಿ ಮತ್ತೊಂದು ಒಪ್ಪಂದ ಮಾಡಿಕೊಂಡವು: ಫ್ರಾನ್ಸ್ ತಟಸ್ಥವಾಗಿದ್ದರೆ, ಆಸ್ಟ್ರಿಯಾ ಗೆದ್ದರೂ ವೆನಿಷಿಯಾವನ್ನು ಅದಕ್ಕೆ ಒಪ್ಪಿಸುವುದು, ಅಲ್ಲಿಂದ ಅದು ಇಟಲಿಗೆ. ಅಂದರೆ ಮೊದಲ ಗುಂಡು ಹಾರುವ ಮುನ್ನವೇ ವೆನಿಷಿಯಾದ ಹಣೆಬರಹ ಕಾಗದದ ಮೇಲೆ ಬರೆದಾಗಿತ್ತು. ಸಾಯಲು ಹೊರಟ ಸೈನಿಕರಿಗೆ ಅದು ಗೊತ್ತಿರಲಿಲ್ಲ.

ಜೂನ್ 20ರಂದು ಇಟಲಿ ಯುದ್ಧ ಸಾರಿತು. ಸೈನ್ಯವೇನೋ ದೊಡ್ಡದೇ, ಆದರೆ ಎರಡು ಪಾಲಾಗಿತ್ತು. ಮಿಂಚಿಯೋ ನದಿಯ ಬಳಿ ಲಾ ಮಾರ್ಮೊರಾ, ದೂರದ ಪೋ ನದಿಯ ಕೆಳದಂಡೆಯಲ್ಲಿ ಚಾಲ್ದೀನಿ. ಇಬ್ಬರು ಸೇನಾಪತಿಗಳು, ಒಂದಾಗದ ಎರಡು ಯೋಜನೆಗಳು. ಜೂನ್ 24ರಂದು ಕುಸ್ತೋತ್ಸಾದಲ್ಲಿ ಆರ್ಚ್‌ಡ್ಯೂಕ್ ಆಲ್ಬ್ರೆಕ್ಟನ ಸುಮಾರು 75,000 ಮಂದಿಯ ಸೈನ್ಯ ಲಾ ಮಾರ್ಮೊರಾನನ್ನು ಹಿಮ್ಮೆಟ್ಟಿಸಿತು. ಸತ್ತವರ ಮತ್ತು ಗಾಯಗೊಂಡವರ ಲೆಕ್ಕ ತೆಗೆದರೆ ಆಸ್ಟ್ರಿಯಾದ ನಷ್ಟವೇ ಹೆಚ್ಚು. ಆದರೂ ಇಟಲಿಯ ಸೇನಾಪತಿಗಳು ಎದೆಗುಂದಿ ಹಿಂದೆ ಸರಿದರು. ಸೈನಿಕರು ಸೋಲುವ ಮೊದಲು ನಾಯಕರು ಸೋತರು.

ಜುಲೈ 3ರಂದು ಉತ್ತರದ ಸಾಡೋವಾದಲ್ಲಿ ಪ್ರಷ್ಯವು ಆಸ್ಟ್ರಿಯಾವನ್ನು ಒಂದೇ ದಿನದಲ್ಲಿ ಮುರಿಯಿತು. ಕೂಡಲೇ ಆಸ್ಟ್ರಿಯಾ ವೆನಿಷಿಯಾವನ್ನು ನೆಪೋಲಿಯನ್‌ನ ಕೈಗೆ ಒಪ್ಪಿಸುವುದಾಗಿ ತಿಳಿಸಿತು. ತಾನು ಗೆದ್ದ ಇಟಲಿಗೆ ಸೋತವನಂತೆ ಕೊಡಲಾರೆ ಎಂಬುದು ಅದರ ಅಭಿಮಾನ. ಇತ್ತ ಇಟಲಿಗೂ ಅಭಿಮಾನ. ಏನಾದರೊಂದು ಗೆಲುವು ಬೇಕೇ ಬೇಕೆಂದು ನೌಕಾಪಡೆಯನ್ನು ಏಡ್ರಿಯಾಟಿಕ್ ಸಮುದ್ರಕ್ಕೆ ಅಟ್ಟಿದರು. ಜುಲೈ 20ರಂದು ಲಿಸ್ಸಾ ದ್ವೀಪದ ಬಳಿ ಕದನ ನಡೆಯಿತು. ಇಟಲಿಯ ಅಡ್ಮಿರಲ್ ಪೆರ್ಸಾನೋ ಬಳಿ ಕಬ್ಬಿಣದ ಕವಚದ ಹನ್ನೆರಡು ಹಡಗುಗಳು, ಆಸ್ಟ್ರಿಯಾದ ತೆಗೆತ್‌ಹಾಫ್ ಬಳಿ ಏಳು. ತೆಗೆತ್‌ಹಾಫ್ ಫಿರಂಗಿಯನ್ನು ನೆಚ್ಚದೆ ತನ್ನ ಹಡಗಿನ ಮೂತಿಯಿಂದಲೇ ‘ರೇ ದಿತಾಲಿಯಾ’ ಎಂಬ ಹಡಗಿಗೆ ಗುದ್ದಿದನು. ‘ಇಟಲಿಯ ದೊರೆ’ ಎಂದು ಆ ಹೆಸರಿನ ಅರ್ಥ. ಕೆಲವೇ ನಿಮಿಷಗಳಲ್ಲಿ ಅದು ಮುಳುಗಿತು. ಇನ್ನೊಂದು ಹಡಗು ಬೆಂಕಿ ಹತ್ತಿ ಸಿಡಿಯಿತು. ಆರುನೂರಕ್ಕೂ ಹೆಚ್ಚು ಇಟಾಲಿಯನ್ ನಾವಿಕರು ಜಲಸಮಾಧಿಯಾದರು. ಆಗಲೇ ಕೈಗೆ ಬಂದಿದ್ದ ಪ್ರಾಂತಕ್ಕಾಗಿ, ಬರಿಯ ಮಾನಕ್ಕಾಗಿ, ಅವರು ಸತ್ತರು. ಪೆರ್ಸಾನೋನನ್ನು ಮುಂದೆ ಸೆನೆಟ್ಟು ವಿಚಾರಣೆ ಮಾಡಿ ಹುದ್ದೆಯಿಂದ ತೆಗೆಯಿತು.

ಇಡೀ ಯುದ್ಧದಲ್ಲಿ ಇಟಲಿಯ ಪರವಾಗಿ ಹೇಳಿಕೊಳ್ಳುವಂಥ ಗೆಲುವು ಬಂದದ್ದು ಯಾರಿಂದ? ಆಸ್ಪ್ರೊಮೊಂತೆಯ ಗುಂಡು ತಿಂದ ಅದೇ ಗ್ಯಾರಿಬಾಲ್ಡಿಯಿಂದ. ಜುಲೈ 21ರಂದು ಬೆತ್ಸೆಕ್ಕಾದಲ್ಲಿ ಗೆದ್ದು, ಅವನ ಸ್ವಯಂಸೇವಕರು ತ್ರೆಂತೊ ಪಟ್ಟಣದತ್ತ ದಾರಿ ಮಾಡುತ್ತಿದ್ದರು. ಅಷ್ಟರಲ್ಲಿ ಪ್ರಷ್ಯ ತನ್ನ ಮಟ್ಟಿಗೆ ಆಸ್ಟ್ರಿಯಾದೊಡನೆ ಕದನ ನಿಲ್ಲಿಸಿಕೊಂಡಿತ್ತು. ಒಂಟಿಯಾದ ಇಟಲಿ ಗ್ಯಾರಿಬಾಲ್ಡಿಗೆ ಹಿಂದೆ ಸರಿಯುವಂತೆ ಆದೇಶಿಸಿತು. ಆಗಸ್ಟ್ 9ರಂದು ಅವನು ತಂತಿಯಲ್ಲಿ ಕಳಿಸಿದ ಉತ್ತರ ಒಂದೇ ಪದ: ‘ಒಬ್ಬೆದಿಸ್ಕೋ’. ಆಜ್ಞೆ ಪಾಲಿಸುತ್ತೇನೆ ಎಂದರ್ಥ. ನಾನು ಓದಿದ ತಂತಿ ಸಂದೇಶಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ಭಾರವಾದದ್ದೂ ಮತ್ತೊಂದಿಲ್ಲ.

ಅಕ್ಟೋಬರ್ 3ರಂದು ವಿಯೆನ್ನಾದಲ್ಲಿ ಶಾಂತಿ ಒಪ್ಪಂದವಾಯಿತು. 19ರಂದು ವೆನಿಸ್ಸಿನಲ್ಲಿ ಫ್ರೆಂಚ್ ಜನರಲ್ ಲ ಬೇಫ್ ಪ್ರಾಂತವನ್ನು ಹಸ್ತಾಂತರಿಸಿದನು. ಎರಡು ದಿನ ಬಿಟ್ಟು ಜನಮತ ಗಣನೆ. ಆರು ಲಕ್ಷಕ್ಕೂ ಹೆಚ್ಚು ಮಂದಿ ಇಟಲಿಯ ಪರ, ಕೇವಲ 69 ಮಂದಿ ವಿರುದ್ಧ. ನೆಲದಲ್ಲಿ ಸೋತು, ಜಲದಲ್ಲಿ ಸೋತು, ಮೂರನೆಯವನ ಕೈಯಿಂದ ದಾನದಂತೆ ಪಡೆದ ಪ್ರಾಂತ ಅದು. ಜನರ ಹರ್ಷ ನಿಜವಾದದ್ದೇ, ಆದರೆ ಒಳಗೊಂದು ಮುಳ್ಳು ಉಳಿಯಿತು. ತ್ರೆಂತೊ ಮತ್ತು ತ್ರಿಯೆಸ್ತೆ ಆಸ್ಟ್ರಿಯಾದಲ್ಲೇ ಉಳಿದವು. ಇಟಲಿಯು 1915ರಲ್ಲಿ ಮೊದಲ ಮಹಾಯುದ್ಧಕ್ಕೆ ಧುಮುಕಿದ್ದರ ಒಂದು ಕಾರಣ ಇಲ್ಲಿದೆ.

ಇನ್ನು ರೋಮ್. ಒಪ್ಪಂದದಂತೆ 1866ರ ಡಿಸೆಂಬರಿನಲ್ಲಿ ಫ್ರೆಂಚರು ಹೊರಟುಹೋದರು. ಮರುವರ್ಷವೇ ಗ್ಯಾರಿಬಾಲ್ಡಿ ಮತ್ತೆ ಹೊರಟನು, ಫ್ರೆಂಚರು ಮತ್ತೆ ಬಂದರು. 1867ರ ನವೆಂಬರ್ 3ರಂದು ಮೆಂತಾನಾದಲ್ಲಿ ಅವರ ಹೊಸ ಶಾಸ್‌ಪೋ ಬಂದೂಕುಗಳ ಮುಂದೆ ಸ್ವಯಂಸೇವಕರು ನಿಲ್ಲಲಾಗಲಿಲ್ಲ. ಇಟಲಿಯು ರೋಮನ್ನು ಎಂದಿಗೂ ಪಡೆಯಲಾರದೆಂದು ಫ್ರಾನ್ಸಿನ ಮಂತ್ರಿ ರೂಯೆ ತನ್ನ ಸಂಸತ್ತಿನಲ್ಲಿ ಸಾರಿದನು. ಆ ‘ಎಂದಿಗೂ’ ಮೂರು ವರ್ಷ ಬಾಳಿತು.

1870ರ ಜುಲೈ 18ರಂದು ರೋಮಿನಲ್ಲಿ ಸೇರಿದ್ದ ಚರ್ಚಿನ ಮಹಾಸಭೆಯು, ಧರ್ಮ ಮತ್ತು ನೀತಿಯ ವಿಷಯದಲ್ಲಿ ಪೋಪರು ಅಧಿಕೃತವಾಗಿ ಕೊಡುವ ತೀರ್ಪಿನಲ್ಲಿ ತಪ್ಪು ಇರಲಾರದೆಂಬ ಸಿದ್ಧಾಂತವನ್ನು ಅಂಗೀಕರಿಸಿತು. ಮರುದಿನವೇ ಫ್ರಾನ್ಸ್ ಪ್ರಷ್ಯದ ಮೇಲೆ ಯುದ್ಧ ಸಾರಿತು. ಆಗಸ್ಟಿನಲ್ಲಿ ರೋಮಿನ ಫ್ರೆಂಚ್ ಪಡೆ ಸ್ವದೇಶದ ರಕ್ಷಣೆಗೆ ಮರಳಿತು. ಸೆಪ್ಟೆಂಬರ್ 2ರಂದು ಸೆಡಾನಿನಲ್ಲಿ ನೆಪೋಲಿಯನ್ ಸೆರೆಸಿಕ್ಕನು. ಎರಡೇ ದಿನಗಳಲ್ಲಿ ಅವನ ಸಾಮ್ರಾಜ್ಯವೇ ಉರುಳಿ ಗಣರಾಜ್ಯ ಬಂತು. ರೋಮಿನ ಬೀಗದ ಕೈ ಫ್ರಾನ್ಸಿನ ಬಳಿಯಿತ್ತು. ಅದನ್ನು ಕಿತ್ತುಕೊಂಡದ್ದು ಪ್ರಷ್ಯ. ವಿಕ್ಟರ್ ಇಮ್ಯಾನ್ಯುಯಲ್ ಪೋಪರಿಗೆ ವಿನಯದ ಪತ್ರ ಬರೆದು ದೂತನನ್ನು ಕಳಿಸಿದನು. ಪೋಪರು ಒಪ್ಪಲಿಲ್ಲ. ಜನರಲ್ ರಫಾಯೆಲೆ ಕಾದೋರ್ನಾನ ಸೈನ್ಯ ಗಡಿ ದಾಟಿತು. (ಮೊದಲ ಮಹಾಯುದ್ಧದಲ್ಲಿ ಇಟಲಿಯ ಸೈನ್ಯವನ್ನು 1917ರವರೆಗೆ ನಡೆಸಿದ ಲುಯಿಜಿ ಕಾದೋರ್ನಾ ಇವನ ಮಗ.) ಸೆಪ್ಟೆಂಬರ್ 20ರ ಮುಂಜಾನೆ ಫಿರಂಗಿಗಳು ಮೊಳಗಿದವು. ಕೆಲವು ಗಂಟೆಗಳಲ್ಲಿ ಪೋರ್ತಾ ಪಿಯಾ ಎಂಬ ಬಾಗಿಲಿನ ಹತ್ತಿರ ಪುರಾತನ ಗೋಡೆ ಬಿರಿಯಿತು. ಬಲಪ್ರಯೋಗ ನಡೆಯಿತೆಂದು ಜಗತ್ತಿಗೆ ತಿಳಿಯುವಷ್ಟು ಮಾತ್ರ ಪ್ರತಿರೋಧ ತೋರಿ ಶರಣಾಗಬೇಕೆಂದು ಪೋಪರು ತಮ್ಮ ಸೇನಾಪತಿಗೆ ಹೇಳಿದ್ದರು. ಆದರೂ ಇಟಲಿಯ ಕಡೆ 49 ಮಂದಿ, ಪೋಪರ ಕಡೆ 19 ಮಂದಿ ಸತ್ತರು. ಅಕ್ಟೋಬರ್ 2ರ ಜನಮತದಲ್ಲಿ 1,33,000ಕ್ಕೂ ಹೆಚ್ಚು ಮಂದಿ ವಿಲೀನದ ಪರ, 1,507 ಮಂದಿ ವಿರುದ್ಧ ನಿಂತರು. ರೋಮಿನ ಘೆಟ್ಟೋದಲ್ಲಿ ಮೂರು ಶತಮಾನಗಳಿಂದ ಕಟ್ಟುಪಾಡುಗಳಡಿ ಬದುಕಿದ್ದ ಯೆಹೂದ್ಯರಿಗೆ ಸಮಾನ ಹಕ್ಕು ದೊರೆತದ್ದು ಈ ಬದಲಾವಣೆಯಿಂದಲೇ. ಇದನ್ನು ನಮ್ಮ ಪಠ್ಯಗಳು ಹೇಳುವುದು ಅಪರೂಪ.

ಆ ದಿನ ನಮ್ಮ ಮೂವರು ಎಲ್ಲಿದ್ದರು? ಕೆವೂರ್ ಸತ್ತು ಒಂಬತ್ತು ವರ್ಷ ಕಳೆದಿತ್ತು. ಗಣರಾಜ್ಯದ ದಂಗೆಯೆಬ್ಬಿಸಲು ಸಿಸಿಲಿಗೆ ಬಂದ ಮ್ಯಾಜಿನಿಯನ್ನು ಆಗಸ್ಟಿನಲ್ಲೇ ಪಲೆರ್ಮೊದಲ್ಲಿ ಬಂಧಿಸಿ ಗಾಯೆತಾ ಕೋಟೆಯಲ್ಲಿಟ್ಟಿದ್ದರು. 1849ರಲ್ಲಿ ರೋಮನ್ ಗಣರಾಜ್ಯವನ್ನು ಆಳಿದ ಮನುಷ್ಯ, ರೋಮ್ ಇಟಲಿಗೆ ಸೇರಿದ ಸುದ್ದಿಯನ್ನು ಇಟಲಿಯ ಸೆರೆಮನೆಯಲ್ಲಿ ಕೇಳಬೇಕಾಯಿತು. ರೋಮಿನ ವಿಲೀನಕ್ಕಾಗಿ ಸಾರಿದ ಕ್ಷಮಾದಾನದಲ್ಲಿ ಅಕ್ಟೋಬರಿನಲ್ಲಿ ಬಿಡುಗಡೆಯಾದನು. ಅವನು ಬಯಸಿದ್ದು ಜನರ ಇಟಲಿ, ಬಂದದ್ದು ದೊರೆಯ ಇಟಲಿ. ಆ ರಾಜ್ಯದ ಮೊದಲ ಚುನಾವಣೆಯಲ್ಲಿ ಮತದ ಹಕ್ಕಿದ್ದವರು ನೂರಕ್ಕೆ ಇಬ್ಬರೂ ಇರಲಿಲ್ಲ. 1909ರಲ್ಲಿ ಬರೆದ ‘ಹಿಂದ್ ಸ್ವರಾಜ್’ ಪುಸ್ತಕದಲ್ಲಿ ಗಾಂಧೀಜಿ ಇಟಲಿಯ ವಿಷಯಕ್ಕೇ ಒಂದು ಅಧ್ಯಾಯ ಮೀಸಲಿಟ್ಟು, ಮ್ಯಾಜಿನಿಯ ಕನಸು ಮತ್ತು ವಿಕ್ಟರ್ ಇಮ್ಯಾನ್ಯುಯಲ್‌ನ ರಾಜ್ಯ ಒಂದೇ ಅಲ್ಲವೆಂದು ಎತ್ತಿ ತೋರಿದ್ದು ಇದನ್ನೇ. 1872ರ ಮಾರ್ಚ್ 10ರಂದು ಮ್ಯಾಜಿನಿ ಪೀಸಾ ನಗರದಲ್ಲಿ, ಸುಳ್ಳು ಹೆಸರಿನಲ್ಲಿ ಅಡಗಿದ್ದಾಗಲೇ, ತೀರಿಕೊಂಡನು.

ಪೋಪರ ವಿಷಯ ಬೇಗ ಹೇಳಿಬಿಡುತ್ತೇನೆ. 1871ರ ಮೇ ತಿಂಗಳ ಕಾನೂನು ಅವರಿಗೆ ಗೌರವವನ್ನೂ ವರ್ಷಕ್ಕೆ ಮೂವತ್ತೆರಡು ಲಕ್ಷಕ್ಕೂ ಮೀರಿದ ಲಿರಾ ವರ್ಷಾಶನವನ್ನೂ ಕೊಡಲು ಮುಂದಾಯಿತು. ಅವರು ನಿರಾಕರಿಸಿ, ತಾವು ವ್ಯಾಟಿಕನ್ನಿನ ಸೆರೆಯಾಳು ಎಂದರು. ಭಕ್ತರು ಸಂಸತ್ತಿನ ಚುನಾವಣೆಗಳಲ್ಲಿ ಪಾಲ್ಗೊಳ್ಳುವುದು ಉಚಿತವಲ್ಲವೆಂದೂ ಚರ್ಚು ತಿಳಿಸಿತು. ಜಗಳ ತೀರಿದ್ದು 1929ರಲ್ಲಿ, ಮುಸೊಲಿನಿಯ ಕಾಲದ ಲ್ಯಾಟರನ್ ಒಪ್ಪಂದದಿಂದ.

ಇನ್ನು ಗ್ಯಾರಿಬಾಲ್ಡಿ. ಪೋರ್ತಾ ಪಿಯಾದ ದಿನ ಅವನು ಕಾಪ್ರೆರಾ ದ್ವೀಪದಲ್ಲಿದ್ದನು. ಎಲ್ಲಿ ಮತ್ತೆ ಹೊರಟಾನೋ ಎಂದು ಸರಕಾರದ ಹಡಗುಗಳು ಸುತ್ತ ಕಾಯುತ್ತಿದ್ದವು. ನೆಪೋಲಿಯನ್ ಬಿದ್ದೊಡನೆ ಆ ಕಾವಲನ್ನು ತಪ್ಪಿಸಿಕೊಂಡು ಅವನು ಹೊರಟದ್ದು ಫ್ರಾನ್ಸಿಗೆ! ಮೆಂತಾನಾದಲ್ಲಿ ತನ್ನ ಹುಡುಗರನ್ನು ಕೊಂದ ದೇಶ, ಆದರೆ ಈಗ ಅದು ಗಣರಾಜ್ಯ, ಆದ್ದರಿಂದ ಅದರ ಪರವಾಗಿ ಪ್ರಷ್ಯದ ವಿರುದ್ಧ ಹೋರಾಡಿದನು. ರೋಮಿಗೆ ಅವನು ಬಂದದ್ದು 1875ರ ಜನವರಿಯಲ್ಲಿ, ಸಂಧಿವಾತದಿಂದ ಬಳಲುತ್ತಿದ್ದ ಮುದುಕನಾಗಿ, ಅದೇ ಊರಿನಿಂದ ಆಯ್ಕೆಯಾದ ಸಂಸತ್ ಸದಸ್ಯನಾಗಿ. 1870ರ ಡಿಸೆಂಬರಿನಲ್ಲಿ ಟೈಬರ್ ನದಿ ಉಕ್ಕಿ ರೋಮನ್ನು ಮುಳುಗಿಸಿತ್ತು. ದೊರೆ ಮೊದಲ ಬಾರಿ ಆ ನಗರಕ್ಕೆ ಬಂದದ್ದೂ ಆ ನೆರೆಯ ಸಂದರ್ಭದಲ್ಲೇ. ಗ್ಯಾರಿಬಾಲ್ಡಿ ಈಗ ಹಿಡಿದು ಬಂದದ್ದು ಟೈಬರನ್ನು ಊರಾಚೆಗೆ ತಿರುಗಿಸುವ ಯೋಜನೆಯ ನಕ್ಷೆಗಳನ್ನು. ದೊರೆಯನ್ನು ಕಂಡು ಮಾತನಾಡಿದನು, ಸಂಸತ್ತಿನಲ್ಲಿ ಪಟ್ಟುಹಿಡಿದನು. ಸರಕಾರ ಆ ಯೋಜನೆಯನ್ನು ಒಪ್ಪದೆ, ನದಿಯ ಎರಡೂ ದಡಗಳಿಗೆ ಎತ್ತರದ ಕಲ್ಲುಗೋಡೆ ಕಟ್ಟಿಸಲು ತೊಡಗಿತು. ಟೈಬರ್ ಇಂದಿಗೂ ಆ ಗೋಡೆಗಳ ನಡುವೆಯೇ ಹರಿಯುತ್ತಿದೆ.